ಕಡಲಿಗೂ ಒಂದು ತೂಬಿದೆ ಅಂದುಕೊಂಡವಳು

ನಮ್ಮ ಕಡೆಯವರಿಗೆ ನೀರು ಎಂದರೆ ಯಾರೋ ಬಿಡುವುದು, ಯಾರೋ ನಿಲ್ಲಿಸುವುದು. ಮಳೆ ಬಂತಾ ಎಂದು ಕೇಳುವವರಿಗಿಂತ ನಾಲೆಗೆ ಬಿಟ್ಟರಾ ಎಂದು ಕೇಳುವವರೇ ಹೆಚ್ಚು. ಕನ್ನಂಬಾಡಿ ಕಟ್ಟೆಯಲ್ಲಿ ಯಾರೋ ಒಬ್ಬ ಕೂತಿರುತ್ತಾನೆ, ಅವನು ತೂಬು ಎತ್ತಿದರೆ ಕೆರಗೋಡಿನ ಪಕ್ಕದ ನಮ್ಮೂರಿನ ಗದ್ದೆ ನೆನೆಯುತ್ತದೆ, ಇಳಿಸಿದರೆ ಒಣಗುತ್ತದೆ. ಅವನನ್ನು ನಾವು ಯಾರೂ ಕಂಡಿಲ್ಲ. ಆದರೆ ಅವನ ವಂಶವನ್ನೆಲ್ಲ ಬೈದಿದ್ದೇವೆ.

ನೀರು ನಿಲ್ಲಿಸಿದ ದಿನ ಮಾತ್ರ ಬೈಗುಳವಿಲ್ಲ. ನಾಲೆಯ ನೀರು ಮೊಣಕಾಲಿಗಿಳಿದು, ಪಾದಕ್ಕಿಳಿದು, ಕೊನೆಗೆ ಅಲ್ಲಲ್ಲಿ ಗುಂಡಿಯಲ್ಲಿ ಮಾತ್ರ ಉಳಿಯುತ್ತದೆ. ಆ ಗುಂಡಿಗಳ ತುಂಬ ಮೀನು. 'ನಾಲೆ ನಿಲ್ಸವ್ರೆ ಕಣ್ರಮ್ಮೋ' ಎಂದು ಒಬ್ಬರು ಕೂಗಿದರೆ ಸಾಕು, ಒಲೆಯ ಮೇಲಿನ ಎಸರನ್ನೂ ಬಿಟ್ಟು ಹೆಂಗಸರು ಮಂಕರಿ ಎತ್ತಿಕೊಂಡು ಓಡುತ್ತಿದ್ದರು. ನಮ್ಮವ್ವ ಇದರಲ್ಲಿ ಎತ್ತಿದ ಕೈ. ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಕೆಸರಿನೊಳಗೆ ತೋಳು ಇಳಿಸಿ, ಕೊರವನ ಮೀನನ್ನು ಕಿವಿರಿನ ಹತ್ತಿರ ಹಿಡಿದು ಎಳೆಯುತ್ತಿದ್ದಳು. ತನ್ನ ಮಂಕರಿ ತುಂಬಿದ ಮೇಲೆ ಸುಮ್ಮನಿರುವ ಜಾಯಮಾನ ಅವಳದ್ದಲ್ಲ. 'ಅಲ್ನೋಡು, ನಿನ್ ಕಾಲ್ ಬುಡ್ದಲ್ಲೇ ಐತೆ, ಇಡಿಯೇ, ಕುರುಡಿ' ಎಂದು ಪಕ್ಕದವರಿಗೆ ತೋರಿಸುತ್ತಿದ್ದಳು. ಬಿದ್ದು ಒದ್ದಾಡುವ ಮೀನನ್ನು ಬಿಟ್ಟು ಬರುವುದು ಅನ್ನ ಚೆಲ್ಲಿದ ಹಾಗೆ ಎಂದು ಅವಳ ಲೆಕ್ಕ.

ನೀರು ಇಳಿದ ಜಾಗದಲ್ಲಿ ನಮ್ಮವರಿಗೆ ಭಯವೆಂಬುದೇ ಇಲ್ಲ. ಮತ್ತೆ ಬಿಡುವಾಗ ಮೇಲಿನ ಊರಿನವರು ಕೂಗು ಹಾಕುತ್ತಾರೆ. ನೀರು ಬರುವ ಹೊತ್ತಿಗೆ ಎಲ್ಲರೂ ಏರಿಯ ಮೇಲೆ ನಿಂತು ಮೀನು ಹಂಚಿಕೊಳ್ಳುತ್ತಿರುತ್ತಾರೆ. ಇದನ್ನೆಲ್ಲ ಮೊದಲೇ ಹೇಳಬೇಕಾಯಿತು. ಇದು ಗೊತ್ತಿಲ್ಲದವರಿಗೆ ಅವ್ವ ಮಾಡಿದ್ದು ಶುದ್ಧ ಹುಚ್ಚುತನವಾಗಿ ಕಾಣುತ್ತದೆ.

ಸುನಾಮಿ ಬಂದ ವರ್ಷ ಅವ್ವ ಮಾಲೆ ಹಾಕಿದ್ದಳು. ಚಳಿ ಶುರುವಾಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೆಂಗಸರು ಕೆಂಪು ಸೀರೆ ಉಟ್ಟು, ಕೊರಳಿಗೆ ಮಾಲೆ ಹಾಕಿ, ತಮಿಳುನಾಡಿನ ಅಮ್ಮನ ಗುಡಿಗೆ ಬಸ್ಸುಗಟ್ಟಲೆ ಹೋಗುತ್ತಾರೆ. ಮಾಲೆ ಹಾಕಿದಷ್ಟು ದಿನ ತಣ್ಣೀರು ಸ್ನಾನ, ಒಪ್ಪೊತ್ತಿನ ಊಟ, ಮೀನು ಮಾಂಸ ತಿನ್ನುವುದಿರಲಿ ಮುಟ್ಟುವಂತಿಲ್ಲ. ನಮ್ಮ ಹೆಂಗಸರು ಈ ವ್ರತವನ್ನು ಭಕ್ತಿಗೆ ಎಷ್ಟು ಮಾಡುತ್ತಾರೋ, ಮನೆಯಿಂದ ನಾಲ್ಕು ದಿನ ಆಚೆ ಹೋಗಲು ಅಷ್ಟೇ ಮಾಡುತ್ತಾರೆ. ತಪ್ಪೇನಿದೆ? ಹೆಂಗಸು ಒಬ್ಬಳೇ ಮೈಸೂರಿಗೆ ಹೋಗಿ ಬರುತ್ತೇನೆಂದರೆ ಕಣ್ಣು ಕೆಂಪು ಮಾಡುವ ಗಂಡ, ಅಮ್ಮನ ಹೆಸರು ಹೇಳಿದರೆ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿಸುತ್ತಾನೆ.

ಬಸ್ಸು ಮಳವಳ್ಳಿಯಿಂದ ಹೊರಟು, ಮದ್ದೂರಿನಲ್ಲಿ ಒಂದಷ್ಟು ಜನರನ್ನು ಹತ್ತಿಸಿಕೊಂಡು, ನಿಡಘಟ್ಟದಲ್ಲಿ ಕೊನೆಯವರಿಗಾಗಿ ನಿಂತಿತು. ಅಪ್ಪ ಮತ್ತು ನಾನು ಅವ್ವನನ್ನು ಅಲ್ಲಿಯವರೆಗೆ ಬಿಡಲು ಹೋಗಿದ್ದೆವು. ಗುಡಿ ಮುಗಿದ ಮೇಲೆ ಕಡಲೂರಿನ ಹತ್ತಿರ ಕಡಲಿಗೂ ಕರೆದುಕೊಂಡು ಹೋಗುತ್ತಾರೆಂದು ಅವ್ವನಿಗೆ ಒಳಗೊಳಗೇ ಖುಷಿ. ನಲವತ್ತು ದಾಟಿದ್ದರೂ ಕಡಲು ನೋಡಿರಲಿಲ್ಲ. 'ನಮ್ ನೀರೆಲ್ಲ ಓಗ್ ಸೇರೋದ್ ಅಲ್ಗೇ ಅಂತಲ್ಲ, ಏನ್ ಮಾಡ್ಕತಾರೋ ನೋಡ್ಕಂಡ್ ಬತ್ತೀನಿ' ಎಂದು ಕಿಟಕಿಯಿಂದ ನಗಾಡಿದಳು. ಕಾವೇರಿ ಗಲಾಟೆ ಬಿಸಿಯಿದ್ದ ಕಾಲ. ಬಸ್ಸಿನ ಹೆಂಗಸರೆಲ್ಲ ನಕ್ಕರು.

ಅಲೆ ಬಂದ ದಿನ ಭಾನುವಾರ, ನನಗೆ ಗಾರ್ಮೆಂಟ್ಸ್ ರಜಾ. ಪಕ್ಕದ ಮನೆಯ ಟೀವಿಯಲ್ಲಿ ಅದೇ ಚಿತ್ರ ಮತ್ತೆ ಮತ್ತೆ. ಸಮುದ್ರದಾಚೆ ಎಲ್ಲೋ ನೀರಿನಡಿಯ ನೆಲ ನಡುಗಿ, ಇಲ್ಲಿ ಅಲೆ ಎದ್ದಿದೆ ಎಂದರು. ದೋಣಿಗಳು ರಸ್ತೆಯಲ್ಲಿ ಮಲಗಿದ್ದವು. ಸುನಾಮಿ ಎಂಬ ಮಾತನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ಮೊದಲು, 'ಅದ್ಯಾವ ದೇಸದ್ದೋ ಬುಡು' ಎಂದ. ಕೆಳಗೆ ಊರಿನ ಹೆಸರು ಬಂದಾಗ, ಕಡಲೂರು ಎಂದು ನಾನು ಓದಿದಾಗ, ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟ.

ಅವ್ವ ಬದುಕಿ ಬಂದಳು. ಯಾರದೋ ನೀಲಿ ಸೀರೆಯಲ್ಲಿ, ಕೊರಳಲ್ಲಿ ಮಾಲೆಯಿಲ್ಲದೆ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಲಾರಿಯಿಂದ ಇಳಿದಳು. ಮಳವಳ್ಳಿ ಕಡೆಯ ಒಬ್ಬ ಹೆಂಗಸು ಉಳಿಯಲಿಲ್ಲ. ಊರವರೆಲ್ಲ ಸೇರಿ ಕೇಳಿದಾಗ ಅವ್ವ ಹೇಳಿದ್ದು ಇಷ್ಟೇ: ಬೆಳಿಗ್ಗೆ ಒಂದು ಅಲೆ ದಡದ ಮನೆಗಳ ಅಂಗಳದವರೆಗೆ ಬಂತು, ಹೋಯಿತು. ಆಮೇಲೆ ಕಡಲು ಹಿಂದಕ್ಕೆ ಹೋಗುತ್ತಲೇ ಇತ್ತು. ತಳದ ಮರಳು ಕಂಡಿತು. ನಾವು ಇಳಿದೆವು. ನೀರು ಬಂತು. ನಾನು ತೆಂಗಿನ ಮರ ಹಿಡಿದುಕೊಂಡೆ.

'ಅಷ್ಟ್ ದೊಡ್ ನೀರ್ಗೆ ಯಾಕವ್ವ ಇಳಿಯಾಕೋದೆ?' ಎಂದು ನಾನು ಕೇಳಿದ್ದೆ.

'ನಿಲ್ಸವ್ರೆ ಅಂದ್ಕಂಡೆ' ಎಂದಳು. 'ಅಷ್ಟ್ ದೊಡ್ ನೀರ್ಗೂ ತೂಬ್ ತಿರುಗ್ಸೋನು ಒಬ್ಬ ಇರ್ತಾನೆ ಅಂತ ಅಂದ್ಕಂಡೆ ಕಣವ್ವ.'

ಊರಿಗೆ ಇದಿಷ್ಟೇ ಸಾಕಾಯಿತು. ಅಮ್ಮನೇ ಮರವಾಗಿ ನಿಂತು ಕೈ ಹಿಡಿದಳು ಎಂದರು. ಹಣ್ಣು ಕಾಯಿ ತಂದು ಅವ್ವನ ಕಾಲಿಗೆ ಬಿದ್ದವರಿದ್ದಾರೆ. ಮದುವೆಯಾಗಿ ಬಹಳ ದಿನ ಮಕ್ಕಳಾಗದ ಹೆಣ್ಣೊಬ್ಬಳು ಕೆರಗೋಡಿನಿಂದ ಬಂದು, ನಿಮ್ಮ ಕೈಯನ್ನು ನನ್ನ ಹೊಟ್ಟೆಯ ಮೇಲೆ ಒಂದು ಸಲ ಇಡಿ ಎಂದು ಬೇಡಿದಳು. ಅವ್ವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಹೆಣ್ಣು ಅಳುತ್ತ ಹೋಯಿತು. ಅವ್ವನಿಗೆ ದುರಹಂಕಾರ ಬಂದಿದೆ ಎಂದು ಊರು ಮಾತಾಡಿತು. ಮುಂದಿನ ವರ್ಷ ಮಾಲೆ ಹಾಕಲು ಕರೆದರು. ಅವಳು ಹೋಗಲಿಲ್ಲ. ಆಮೇಲೆ ಯಾವ ವರ್ಷವೂ ಹೋಗಲಿಲ್ಲ. ನಾಲೆ ನಿಂತ ದಿನ ಮನೆಯ ಹಿತ್ತಲಲ್ಲಿ ಬೀಸುವ ಕಲ್ಲಿನ ಪಕ್ಕ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಮೀನು ಮನೆಯೊಳಗೆ ಬಂದರೆ ವಾಕರಿಸುತ್ತಿದ್ದಳು. ಹೆದರಿದ್ದಾಳೆ ಎಂದು ನಾವು ತಿಳಿದುಕೊಂಡೆವು. ನಾನಂತೂ, ಇಷ್ಟು ವರ್ಷ ಹೆದರುವುದಕ್ಕೆ ಏನಿದೆ, ಬದುಕಿ ಬಂದಿದ್ದೀಯಲ್ಲ, ಎಂದು ರೇಗಿದ್ದೇನೆ.

ನನಗೆ ಮದ್ದೂರಿಗೆ ಮದುವೆಯಾಯಿತು. ಮದ್ದೂರಿನಿಂದ ಬೆಳಿಗ್ಗೆಯ ರೈಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಬರುವುದೇ ಬದುಕಾಯಿತು. ನನ್ನ ಲೈನಿನಲ್ಲಿ ಎಡಕ್ಕೂ ಬಲಕ್ಕೂ ತಮಿಳು ಹೆಂಗಸರು. ಕಾಲರು ಹೊಲಿಯುತ್ತ, ಸೂಪರ್‌ವೈಸರನನ್ನು ಇಬ್ಬರ ಭಾಷೆಯಲ್ಲೂ ಬೈಯುತ್ತ, ಅವರ ತಮಿಳು ನನಗೆ ಬಂತು. ಈ ತಮಿಳೇ ನನಗೆ ಮುಳುವಾಗುತ್ತದೆ ಎಂದು ಗೊತ್ತಿದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡು ಹೊಲಿಯುತ್ತಿದ್ದೆ.

ಹೋದ ವರ್ಷ ಅಪ್ಪ ತೀರಿಕೊಂಡ. ಹನ್ನೊಂದರ ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವ್ವ ಪಾತ್ರೆ ತಿಕ್ಕುತ್ತಿದ್ದ ನನ್ನ ಪಕ್ಕ ಬಂದು ಕೂತಳು. 'ನಿಮ್ಮಪ್ಪ ಇರಗಂಟ ಬಾಯ್ ಬುಡ್ಬೇಡ ಅಂದಿತ್ತು. ಈಗ ಅದೂ ಇಲ್ಲ' ಎಂದಳು. ಆಮೇಲೆ ತಲೆ ಎತ್ತದೆ ಹೇಳಿದಳು.

ಕಡಲ ಪಕ್ಕ ಮೀನು ಹಿಡಿಯುವವರ ಕೇರಿ. ತುದಿಯ ಮನೆಯ ಮುಂದೆ ಒಂದು ಕೈಪಂಪು. ಕಡಲಲ್ಲಿ ಮಿಂದ ಹೆಂಗಸರೆಲ್ಲ ಅಲ್ಲಿ ಬಂದು ಉಪ್ಪು ತೊಳೆದುಕೊಳ್ಳುತ್ತಿದ್ದರು. ಆ ಮನೆಯ ಹೆಂಗಸು ಬುಟ್ಟಿ ಹೊತ್ತು ಮೀನು ಮಾರಲು ಹೊರಟಳು. ಹೋಗುವಾಗ ಮಗಳಿಗೆ ಏನೋ ಹೇಳಿ ಹೋದಳು. ಏಳೆಂಟು ವರ್ಷದ ಹುಡುಗಿ. ಬಂದವರಿಗೆಲ್ಲ ಪಂಪು ಒತ್ತಿ ಕೊಡುತ್ತಿತ್ತು. ಅಷ್ಟರಲ್ಲಿ ಕಡಲು ಹಿಂದಕ್ಕೆ ಸರಿಯಿತು.

'ಮರಳ್ ಮ್ಯಾಲೆ ಮೀನ್ ಒದ್ದಾಡ್ತಾವೆ ಕಣವ್ವ, ಅಂಗೈ ಅಗಲ್ದವು. ನಾನು ಮಾಲೆ ಆಕಿವ್ನಿ, ಮುಟ್ಟಂಗಿಲ್ಲ. ಬುಟ್ ಬರಾಕೂ ಮನ್ಸಿಲ್ಲ. ಆ ಕೂಸು ನನ್ನಿಂದೆ ಬಂತು. ಅಗೋ ಇಡಿ, ಇಗೋ ಇಡಿ ಅಂತ ತೋರುಸ್ದೆ. ನಿಮ್ಮವ್ವುಂಗೆ ಸಾರ್ಗಾಯ್ತದೆ ಅಂದೆ. ಅದ್ಕೆ ನನ್ ಮಾತ್ ಎಲ್ ಅರ್ತವಾಯ್ತದೆ. ನಾನ್ ಮುಂದಕ್ಕೋದಂಗೆಲ್ಲ ಬಂತು. ನಾನ್ ಬಂದೆ, ಅದ್ ಬರ್ನಿಲ್ಲ.'

ನನ್ನ ಕೈಯಲ್ಲಿ ಬೂದಿ ಮೆತ್ತಿದ ಚೊಂಬು ಹಾಗೇ ಇತ್ತು. ಊರು ಕಾಲಿಗೆ ಬಿದ್ದಾಗ ಇವಳು ಏನನ್ನು ನುಂಗಿಕೊಂಡು ನಿಂತಿದ್ದಳು ಎಂದು ನನಗೆ ಆಗ ತಿಳಿಯಿತು.

'ಆ ಕೂಸಿನ್ ಅವ್ವುನ್ನ ನೋಡ್ಬೇಕು. ಯೋಳ್ಬೇಕು. ನಿಂಗೆ ಆ ಬಾಸೆ ಬತ್ತದೆ' ಎಂದಳು.

ನಾನು ಆಗುವುದಿಲ್ಲ ಎಂದೆ. ಇಪ್ಪತ್ತು ವರ್ಷವಾದ ಮೇಲೆ ಒಣಗಿದ ಹುಣ್ಣು ಕೆರೆಯಲು ಯಾರಾದರೂ ಹೋಗುತ್ತಾರಾ ಎಂದೆ. ಅವಳಿಂದ ನಿನಗೇನಾಗಬೇಕು ಎಂದೂ ಕೇಳಿದೆ.

'ಬೈಲಿ. ಮಣ್ ತೂರ್ಲಿ. ಚಪ್ಲೀಲ್ ಒಡೀಲಿ. ಅವ್ಳ್ ಒಡದ್ರೆ ನಾನು ಸತ್ಮ್ಯಾಲಾದ್ರೂ ತಣ್ಗಿರ್ತೀನಿ' ಎಂದಳು.

ತಿಂಗಳುಗಟ್ಟಲೆ ಇದೇ ಆಯಿತು. ಊಟ ಬಿಟ್ಟಳು, ಮಾತು ಬಿಟ್ಟಳು. ನಮ್ಮವ್ವನ ಹಟ ಏನೆಂದು ನನಗೆ ಗೊತ್ತು, ನನ್ನ ಮೈಯಲ್ಲಿರುವುದೂ ಅದೇ ರಕ್ತ. ಕೊನೆಗೆ ನಾನೇ ಸೋತೆ. ಹೊರಡುವ ಮೊದಲು ಅಪ್ಪನನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ನಿಲ್ಲಿಸಿ ನನ್ನಿಂದ ಭಾಷೆ ತೆಗೆದುಕೊಂಡಳು: ತಾನು ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡಕೂಡದು, ಆ ಮಗುವಿನ ತಾಯಿ ಹೇಳಿದ್ದರಲ್ಲೂ ಒಂದು ಮಾತನ್ನೂ ಬಿಡಕೂಡದು.

ಬೆಂಗಳೂರಿನಿಂದ ಬಸ್ಸು ಹಿಡಿದು ಕಡಲೂರಿನಲ್ಲಿಳಿದು, ಇನ್ನೊಂದು ಬಸ್ಸಿನಲ್ಲಿ ಆ ಕೇರಿಗೆ ಹೋದೆವು. ಕೇರಿ ಇರಲಿಲ್ಲ. ಗೋಡೆಯ ಮೋಟುಗಳಿದ್ದವು, ಅವುಗಳ ನಡುವೆ ಮುಳ್ಳು ಬೆಳೆದಿತ್ತು. ದಡವನ್ನು ಕಡಲು ಕೊರೆದು ತಿನ್ನುತ್ತಿತ್ತು. ತಡೆಯಲೆಂದು ಸುರಿದ ಬಂಡೆಗಳ ಮೇಲೆ ಅಲೆ ಬಡಿಯುತ್ತಿತ್ತು. ಅವ್ವ ಕಡಲಿನತ್ತ ನೋಡಲೇ ಇಲ್ಲ. ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ಮುದುಕನೊಬ್ಬನನ್ನು ನಾನು ಕೇಳಿದೆ: ಸುನಾಮಿಯಲ್ಲಿ ಮಗಳನ್ನು ಕಳೆದುಕೊಂಡ ಒಬ್ಬ ಹೆಂಗಸು, ಮೀನು ಮಾರುತ್ತಿದ್ದಳು, ಎಲ್ಲಿದ್ದಾಳೆ?

ಅವನು ನನ್ನ ಮುಖ ನೋಡಿದ. 'ಇಲ್ಲಿ ಯಾವ ಬಾಗಿಲು ತಟ್ಟಿದರೂ ಅಂಥವಳೇ ತೆಗೆಯುತ್ತಾಳೆ. ನಿನಗೆ ಯಾರು ಬೇಕು?' ಎಂದ.

ಮನೆ ಮುಂದೆ ಕೈಪಂಪು ಇತ್ತು ಎಂದು ಹೇಳಿದ ಮೇಲೆ ಗುರುತು ಹತ್ತಿತು. ಕಡಲಿನಿಂದ ಒಳಗೆ, ಮೇಲೆದ್ದ ಜಾಗದಲ್ಲಿ, ಸುನಾಮಿಯವರಿಗೆಂದು ಕಟ್ಟಿದ ಕಾಲೋನಿಗೆ ಹೋಗು ಎಂದ. ಅಲ್ಲಿಗೆ ನಡೆದು ಹೋಗುವಷ್ಟರಲ್ಲಿ ಬೆವರು ಇಳಿಯಿತು. ಒಂದೇ ಅಳತೆಯ ಮನೆಗಳ ಸಾಲು. ಸೂರಿನ ಗಾರೆ ಉದುರಿ ಕಬ್ಬಿಣ ಹೊರಗೆ ಬಂದಿತ್ತು. ಬೀಗ ಹಾಕಿದ ಮನೆಗಳೇ ಬೇಕಾದಷ್ಟು. ಕಡಲು ಕಣ್ಣಿಗೆ ಕಾಣದ ಜಾಗದಲ್ಲಿ ಮೀನು ಹಿಡಿಯುವವರನ್ನು ತಂದಿಟ್ಟರೆ ಏನಾಗಬೇಕೋ ಅದಾಗಿತ್ತು. ಗಂಡಸರು ಗಾರೆ ಕೆಲಸಕ್ಕೆಂದು ಚೆನ್ನೈ ಸೇರಿದ್ದರು, ಉಳಿದವರು ಜಗಲಿಯ ಮೇಲೆ ಮಧ್ಯಾಹ್ನಕ್ಕೇ ಕುಡಿದು ಮಲಗಿದ್ದರು. ಬದುಕಿ ಉಳಿದವರು ಇವರು. ನನಗೆ ಹಾಗನಿಸಲಿಲ್ಲ.

ಒಂದು ಮನೆಯ ಮುಂದೆ ಹೆಂಗಸೊಬ್ಬಳು ಟಾರ್ಪಾಲಿನ ಮೇಲೆ ಮೀನು ಒಣಗಲು ಹರಡುತ್ತಿದ್ದಳು. ಅವ್ವ ನನ್ನ ತೋಳು ಹಿಡಿದು ನಿಂತಳು.

'ಇವ್ಳೇ ಕಣ.'

'ಎಂಗೆ ಗೊತ್ತಾಯ್ತು?'

'ಆ ಕೂಸಿನ್ ಮೊಕ ಐತೆ.'

ಆ ಹೆಂಗಸು ತಲೆ ಎತ್ತಿ, ಒಣಮೀನು ಬೇಕಾ ಎಂದಳು. ಅವಳ ಮಾತನ್ನು ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ನಮ್ಮೂರಿನ ಹೆಸರು ಹೇಳಿದೆ, ಸುನಾಮಿಯ ದಿನ ಕೆಂಪು ಸೀರೆ ಉಟ್ಟು ಬಂದಿದ್ದವರಲ್ಲಿ ನಮ್ಮವ್ವನೂ ಒಬ್ಬಳು ಎಂದೆ. ಅವಳ ಮುಖ ಅರಳಿಬಿಟ್ಟಿತು. ನಾನು ಏನೇನೋ ಅಂದುಕೊಂಡು ಹೋಗಿದ್ದೆ, ಇದೊಂದನ್ನು ಅಂದುಕೊಂಡಿರಲಿಲ್ಲ. 'ಕೆಂಪು ಸೀರೆಯವರಾ! ಬದುಕಿದ್ದೀರಾ! ನೀವೆಲ್ಲ ಹೋದಿರಿ ಅಂತಿದ್ದೆ' ಎಂದು ಪಕ್ಕದ ಮನೆಯವಳನ್ನೂ ಕೂಗಿ ಕರೆದಳು. ಕುರ್ಚಿ ತಂದಳು, ನೀರು ತಂದಳು. ಅವ್ವ ಕುರ್ಚಿಯಲ್ಲಿ ಕೂರದೆ ಮೆಟ್ಟಿಲ ಮೇಲೆ ಕುಸಿದಳು. ಆ ಹೆಂಗಸೂ ಕುರ್ಚಿ ಬಿಟ್ಟು ಅವ್ವನ ಪಕ್ಕ ಬಂದು ಕೂತಳು.

ನಾವು ಕೇಳುವ ಮೊದಲೇ ಅವಳು ಮಗಳ ಮಾತು ತೆಗೆದಳು. ಸಂತೆಗೆ ಹೋಗಿದ್ದಳಂತೆ. ಜನ ಓಡಿ ಬರುವುದನ್ನು ನೋಡಿ ಬುಟ್ಟಿ ಎಸೆದು ವಾಪಸು ಓಡಿದಳಂತೆ. ಮಗಳು ಮಾರನೇ ದಿನ ಸಿಕ್ಕಳು. ಎಲ್ಲರ ಜೊತೆ ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. 'ಅವಳು ಕಡಲಿಗೆ ಇಳಿದವಳಲ್ಲ. ಮನೆಯಲ್ಲೇ ಇದ್ದಳು, ಪಂಪಿನ ಹತ್ತಿರ. ನೀರೇ ಮನೆ ಹುಡುಕಿಕೊಂಡು ಬಂತು. ಮನೆಗೆ ಬಂದು ಹೊತ್ತುಕೊಂಡು ಹೋದರೆ ಯಾರು ಏನು ಮಾಡಲು ಆಗುತ್ತದೆ?' ಎಂದಳು. ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದಳೋ, ಎಲ್ಲೂ ತಡವರಿಸಲಿಲ್ಲ.

'ಏನಂದ್ಲು?' ಎಂದಳು ಅವ್ವ.

ನಾನು ಹೇಳಿದೆ. ಹೇಳಿ, 'ಅವ್ವ, ಕೂಸು ಮನೇಲೇ ಇತ್ತು ಅಂದ್ಕಂಡ್ ಸಮಾದಾನ್ವಾಗವ್ಳೆ. ನಿನ್ನ ನೋಡಿ ಕುಸಿಯಾಗವ್ಳೆ. ನಿನ್ ಕಾಲ್ ಕಟ್ಕತೀನಿ, ಎದ್ದೇಳು, ಓಗವ' ಎಂದೆ.

'ಅದು ಸುಳ್ಳಲ್ವಾ?'

'ಸುಳ್ಳಾದ್ರೆ ಆಗ್ಲಿ ಬುಡವ್ವ. ಅದ್ರಲ್ಲೇ ಬದುಕವ್ಳೆ.'

'ನಾನ್ ಬದುಕಿಲ್ವಲ್ಲ' ಎಂದಳು ಅವ್ವ. 'ಯೋಳು. ನಿಮ್ಮಪ್ಪನ್ ಮುಂದೆ ಮಾತ್ ಕೊಟ್ಟಿದ್ದೀಯ.'

ನಾನು ಹೇಳಿದೆ. ಅವ್ವ ಕನ್ನಡದಲ್ಲಿ ಒಂದೊಂದೇ ಮಾತು ಆಡಿದಳು, ನಾನು ತಮಿಳಿನಲ್ಲಿ ಒಂದೊಂದೇ ಮಾತು ಆಡಿದೆ. ನಾಲೆಯ ವಿಷಯ, ಮಾಲೆಯ ವಿಷಯ, ಮೀನು ತೋರಿಸಿದ ವಿಷಯ. ಹೆಂಗಸಿನ ಕೈ ಮಡಿಲಿನಲ್ಲಿ ನಿಂತುಹೋಯಿತು. ನೀರು ಎದ್ದು ಬರುವುದು ಕಂಡಾಗ ಹುಡುಗಿಯ ಕೈ ಹಿಡಿದು ಓಡಿದೆ ಎಂದಳು ಅವ್ವ. ಮರದ ಹತ್ತಿರ ಬಂದಾಗ ನೀರು ಬೆನ್ನಿಗೆ ಬಂತು. ಮರ ಹಿಡಿಯಲು ಎರಡು ಕೈ ಬೇಕಿತ್ತು. ಅಷ್ಟು ಹೇಳಿ ಅವ್ವ ತನ್ನ ಬಲಗೈಯನ್ನು ಮುಷ್ಟಿ ಮಾಡಿ ಮುಂದಕ್ಕೆ ಚಾಚಿ, ಬೆರಳುಗಳನ್ನು ಬಿಚ್ಚಿದಳು. ಇದನ್ನು ಅವಳು ನನಗೂ ಹೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆ ಹೆಂಗಸಿಗೆ ತಿಳಿದಿತ್ತು.

ಪಕ್ಕದ ಮನೆಯವಳು ಸದ್ದಿಲ್ಲದೆ ಎದ್ದು ಹೋದಳು.

'ಏನು ಉಟ್ಟಿದ್ದಳು?' ಎಂದು ಕೇಳಿದಳು ಆ ಹೆಂಗಸು.

'ಅಸ್ರು ಲಂಗ.'

ಅವಳು ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ, 'ಅದೇ ನೀರಿನಲ್ಲಿ ನನ್ನ ಗಂಡ ಅವನ ಅಮ್ಮನ ಕೈ ಬಿಟ್ಟ. ಅವನನ್ನು ನಾನು ಒಂದು ಮಾತು ಆಡಿಲ್ಲ. ನೀರಿನ ಮುಂದೆ ಯಾರ ಕೈ ನಿಲ್ಲುತ್ತದೆ? ನಿನ್ನನ್ನು ಏನೆಂದು ಬೈಯಲಿ' ಎಂದಳು.

ನಾನು ಹೇಳಿದ ಕೂಡಲೇ ಅವ್ವ ಮಂಡಿಗೆ ಮುಖ ಕೊಟ್ಟು ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಬಂದದ್ದು ಒಳ್ಳೆಯದೇ ಆಯಿತು, ಇನ್ನು ಎದ್ದುಬಿಡೋಣ ಎಂದುಕೊಂಡು ಚೀಲ ಎತ್ತಿಕೊಂಡೆ. ನಮ್ಮ ಪುಣ್ಯ ಅಲ್ಲಿಗೇ ಮುಗಿಯಿತು.

ಆ ಹೆಂಗಸು ಇನ್ನೂ ಯೋಚಿಸುತ್ತಿದ್ದಳು. 'ಆದರೆ ಅವಳು ಇಳಿದದ್ದು ಯಾಕೆ?' ಎಂದಳು. ಮೊದಲು ತನ್ನನ್ನೇ ಕೇಳಿಕೊಂಡಂತಿತ್ತು. 'ಮೀನಿಗೆ ಇಳಿದಳು ಅಂತೀಯಲ್ಲ. ನನ್ನ ಮಗಳಿಗೆ ಮೀನು ಹೊಸದಾ? ಹುಟ್ಟಿದಾಗಿನಿಂದ ಮೀನಿನಲ್ಲೇ ಬಿದ್ದಿದ್ದಳು. ಅವಳು ಮೀನು ಹಿಡಿದಳಾ? ಚೆನ್ನಾಗಿ ನೆನೆಸಿಕೊಂಡು ಹೇಳು.'

'ಒಂದೆರ್ಡ್ ಇಡ್ದು ಕೆಳೀಕ್ ಆಕ್ಬುಡ್ತು' ಎಂದಳು ಅವ್ವ, ಕಣ್ಣು ಒರೆಸಿಕೊಳ್ಳುತ್ತ. 'ಆಮ್ಯಾಕೆ ನನ್ ಸೆರ್ಗ್ ಇಡ್ಕಂಡ್ ಜಗ್ತಾನೇ ಇತ್ತು. ಮಾತಾಡ್ತಾನೇ ಇತ್ತು. ಇನ್ನೆಲ್ಲೋ ದಪ್ ಮೀನ್ ಐತೆ ಅಂತದೆ ಅಂದ್ಕಂಡ್ ನಾನ್ ನಗ್ತಿದ್ದೆ.'

ನಾನು ತಮಿಳಿನಲ್ಲಿ ಹೇಳಿದೆ. ಆ ಹೆಂಗಸು ಅವ್ವನ ಎದುರಿಗೆ ತಿರುಗಿ ಕೂತಳು.

'ಯಾವ ಕಡೆಗೆ ಎಳೆಯುತ್ತಿದ್ದಳು?'

ಇದನ್ನು ಕನ್ನಡಕ್ಕೆ ತರುವಾಗಲೇ ನನಗೆ ಏನೋ ಕೆಟ್ಟದ್ದು ಬರುತ್ತಿದೆ ಎನಿಸಿತು. ಅವ್ವ ಒಂದು ಕ್ಷಣ ಆ ಬೆಳಿಗ್ಗೆಯನ್ನು ಕಣ್ಣ ಮುಂದೆ ತಂದುಕೊಂಡಳು. ಕಡಲು ಯಾವ ಕಡೆ, ಮನೆಗಳು ಯಾವ ಕಡೆ ಎಂದು ಕೈಯಲ್ಲೇ ಗುರುತು ಮಾಡಿಕೊಂಡಳು. ಆಮೇಲೆ ಬೆನ್ನ ಹಿಂದಕ್ಕೆ ತೋರಿಸಿದಳು.

'ದಡದ್ ಕಡೀಕೆ.'

ಆ ಹೆಂಗಸು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಟಾರ್ಪಾಲಿನ ಅಂಚನ್ನು ಹಿಡಿದುಕೊಂಡು ನೆಲ ನೋಡುತ್ತ ಕೂತಳು. ಹಾಗೇ ಮಾತಾಡಿದಳು. ನನ್ನನ್ನೂ ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ.

'ನಾನೇ ಹೇಳಿದ್ದೆ. ಬುಟ್ಟಿ ಹೊತ್ತು ಹೊರಡುವಾಗ ಹೇಳಿದ್ದೆ. ಇವರು ಹೊಳೆ ನೀರಿನ ಕಡೆಯವರು, ಕಡಲು ಗೊತ್ತಿಲ್ಲ, ಜೊತೆಗೇ ಇರು, ಒಳಗೆ ಹೋಗಲು ಬಿಡಬೇಡ, ಹೋದರೆ ಕರೆದುಕೊಂಡು ಬಾ. ನನ್ನ ಮಾತು ಮೀರುವವಳಲ್ಲ ಅವಳು.'

'ಏನಂದ್ಲು?' ಎಂದಳು ಅವ್ವ.

ಅವ್ವ ನನ್ನ ಕೈ ಹಿಸುಕಿದಳು. 'ಏನಂದ್ಲು, ಯೋಳೇ.' ಬಿಡಿಸಿಕೊಳ್ಳಲು ನನಗೆ ನೂರು ಸುಳ್ಳು ಹೊಳೆದವು. ಆದರೆ ಅವ್ವ ನನ್ನ ಮುಖ ನೋಡಿಯಾಗಿತ್ತು. ಇನ್ನು ಯಾವ ಸುಳ್ಳು ಹೇಳಿದರೂ ನಂಬುವವಳಲ್ಲ. ಹೇಳಿಬಿಟ್ಟೆ, ಒಂದು ಮಾತೂ ಬಿಡದೆ.

ಅವ್ವ ಅಳಲಿಲ್ಲ. ಆಗ ಅತ್ತಿದ್ದು ಕ್ಷಮೆ ಸಿಕ್ಕಿತೆಂದು. ಈಗ ಅಳುವುದಕ್ಕೆ ಏನೂ ಇರಲಿಲ್ಲ. ಕೈ ಮುಗಿಯಲು ಹೋದಳು. ಆ ಹೆಂಗಸು ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಸಿಟ್ಟಿನಿಂದ ಹಾಕಿದ ಬಾಗಿಲಲ್ಲ, ನಾವು ಇದ್ದೇವೆಂಬುದನ್ನೇ ಮರೆತವಳ ಹಾಗೆ ಹೋದಳು. ನಾವು ಬಹಳ ಹೊತ್ತು ಕಾದೆವು. ಪಕ್ಕದ ಮನೆಯವಳು ಕಿಟಕಿಯಿಂದ, 'ನೀವು ಹೋಗಿ ಅಮ್ಮ, ನಾವು ನೋಡಿಕೊಳ್ಳುತ್ತೇವೆ' ಎಂದಳು. ಅದರಲ್ಲಿ ಮರ್ಯಾದೆಯಿತ್ತು, ಇನ್ನೊಮ್ಮೆ ಬರಬೇಡಿ ಎಂಬುದೂ ಇತ್ತು.

ಹೇಳಿಕೊಂಡರೆ ಹಗುರಾಗುತ್ತದೆ ಎಂದು ಯಾರು ಹೇಳಿದರೋ, ಅವರು ಸಿಕ್ಕರೆ ನಾನು ಕೇಳುತ್ತೇನೆ, ಯಾರಿಗೆ ಹಗುರ ಎಂದು. ಅವ್ವ ಒಬ್ಬಳೇ ಹೊರುತ್ತಿದ್ದುದನ್ನು ಈಗ ಇಬ್ಬರು ಹೊರುತ್ತಾರೆ, ಅಷ್ಟೂ ಭಾರವನ್ನು ಇಬ್ಬರೂ. ಎಲ್ಲೋ ದೂರದ ಸಮುದ್ರದಲ್ಲಿ ನೆಲ ನಡುಗಿದ್ದಕ್ಕೆ ಕೆರಗೋಡಿನ ಪಕ್ಕದ ಒಬ್ಬ ಹೆಂಗಸು, ಕಡಲೂರಿನ ಆಚೆಯ ಒಬ್ಬ ಹೆಂಗಸು, ತಾವೇ ಒಂದು ಮಗುವನ್ನು ಕೊಂದೆವೆಂದು ಕೂತಿದ್ದಾರೆ. ನಾನು ಅವರ ನಡುವೆ ಮಾತು ಸಾಗಿಸಿದವಳು.

ಬಸ್ಸಿನಲ್ಲಿ ಅವ್ವ ಕಿಟಕಿಯ ಸರಳು ಹಿಡಿದುಕೊಂಡು ಕೂತಿದ್ದಳು. ಊಟಕ್ಕೆ ನಿಲ್ಲಿಸಿದಾಗ ಇಳಿಯಲಿಲ್ಲ. ನಾನು ತಂದುಕೊಟ್ಟ ಇಡ್ಲಿಯ ಪೊಟ್ಟಣ ಬಿಚ್ಚಲಿಲ್ಲ. ಕೃಷ್ಣಗಿರಿ ದಾಟಿದ ಮೇಲೆ ಒಂದೇ ಒಂದು ಮಾತು ಆಡಿದಳು.

'ನಾನ್ ಬರ್ದೆ ಇದ್ದಿದ್ರೆ ಅವ್ಳು ನೀರ್ನೇ ಬೈಕಂಡ್ ಇರೋಳು.'

ಹೂಂ ಎಂದೆ.